ವಿಭೂತಿ ಹಚ್ಚಿದ ಮೆಟ್ಟಿಲುಗಳು

ಮೊನ್ನೆ ನಮ್ಮ ಹುಕ್ಕೇರಿಯ ಓಣಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಬೆಳಿಗ್ಗೆ ಹಾಲು ತರಲು ಹೊರಟವನ ಮೂಗಿಗೆ, ಹಸಿ ಸಿಮೆಂಟಿನ ಮೇಲೆ ನೀರು ಹೊಡೆದಾಗ ಏಳುವ ಆ ತಣ್ಣನೆಯ ವಾಸನೆ ಬಡಿಯಿತು. ಅದೇ ಹೊತ್ತಿಗೆ ಎದುರುಮನೆಯಲ್ಲಿ ಹೋಳಿಗೆಗೆಂದು ಬೆಲ್ಲ ಕುದಿಸುತ್ತಿದ್ದರು. ಎರಡೂ ವಾಸನೆ ಕೂಡಿದ್ದೇ ತಡ, ಕೈಯಲ್ಲಿ ಚೊಂಬು ಹಿಡಿದುಕೊಂಡು ಓಣಿಯ ನಟ್ಟನಡುವೆ ನಿಂತುಬಿಟ್ಟೆ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದವನು "ಅಜ್ಜಾರ, ಬಾಜೂಕ ಸರೀರಿ, ಎಮ್ಮಿಗೆ ಕಣ್ಣ ಕಾಣೂದಿಲ್ಲ" ಎಂದು ಕೂಗಿದ. ಸರಿದೆ. ಆದರೆ ಮನಸ್ಸು ಆಗಲೇ ಮೂಡಲಗಿಯ ಸಾವಕಾರ ಬಸಪ್ಪನವರ ಅಂಗಳ ಹೊಕ್ಕಾಗಿತ್ತು.

ಅದು ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಚಳಿಗಾಲ. ನಾನು ಪುಣೆಯಲ್ಲಿ ಓವರ್‌ಸಿಯರ್ ಪರೀಕ್ಷೆ ಪಾಸು ಮಾಡಿ, ಮುಂಬಯಿಯಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಸ್ವಲ್ಪ ಕಾಲ ದುಡಿದು, ಊರಿಗೆ ಮರಳಿದ್ದೆ. ತಲೆಯ ಮೇಲೆ ಹ್ಯಾಟು, ಜೇಬಿನಲ್ಲಿ ಅಳತೆಯ ಟೇಪು, ಬಾಯಿ ತೆರೆದರೆ ಕಾಂಕ್ರೀಟು. ನಮ್ಮ ಕಡೆ ಆಗ ಮನೆಯೆಂದರೆ ಗೋಕಾಕದ ಕಲ್ಲು, ಸುಣ್ಣದ ಗಾರೆ, ಮೇಲೆ ಮಣ್ಣಿನ ಮಾಳಿಗೆ. ಸಿಮೆಂಟನ್ನು ಜನ ನೋಡಿದ್ದು ರೈಲು ಸ್ಟೇಶನ್ನಿನ ಕಟ್ಟೆಯಲ್ಲಿ, ಕಾಲುವೆಯ ತೂಬಿನಲ್ಲಿ. ಅದರಲ್ಲಿ ಮನೆಯ ಮೆಟ್ಟಿಲನ್ನು ಮಾಡಬಹುದು, ಅದೂ ನೆಲದ ಮೇಲೆ ಒಂದೊಂದಾಗಿ ಎರಕ ಹೊಯ್ದು, ಒಣಗಿಸಿ, ಆಮೇಲೆ ತಂದು ಗೋಡೆಗೆ ಸಿಗಿಸಬಹುದು ಎಂದರೆ ನನ್ನ ಸ್ವಂತ ಅಪ್ಪನೇ ನಕ್ಕಿದ್ದ.

ನಗದವರು ಬಸಪ್ಪನವರೊಬ್ಬರೇ. ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರ ಅವರದು. ಸುಗ್ಗಿ ಬಂತೆಂದರೆ ಸುತ್ತಲಿನ ಆಲೆಮನೆಗಳಿಂದ ಚಕ್ಕಡಿಗಟ್ಟಲೆ ಬೆಲ್ಲದ ಪೆಂಟೆಗಳು ಬಂದು ಅವರ ಪಡಸಾಲೆಯಲ್ಲಿ ರಾಶಿ ಬೀಳುತ್ತಿದ್ದವು. ಪೆಂಟೆಯೆಂದರೆ ಬಟ್ಟೆಯಲ್ಲಿ ಕಟ್ಟಿದ ದೊಡ್ಡ ಗುಂಡು ಬೆಲ್ಲ. ಒಂದನ್ನು ಎತ್ತಲು ಗಟ್ಟಿ ಆಳೇ ಬೇಕು. ಬೆಲ್ಲ ಬಂದ ಕಡೆ ನೊಣ, ಇರುವೆ, ದಲಾಲರು, ಗದ್ದಲ ಎಲ್ಲವೂ ಬರುತ್ತಿದ್ದವು. ಅವರ ಹೆಂಡತಿ ಗಂಗವ್ವನಿಗೆ ಅದೇ ಚಿಂತೆ. ಮಗಳು ನೀಲವ್ವ ಕೌಜಲಗಿಯ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಈ ಸಂತೆಯ ನಡುವೆ ಬಸುರಿಯನ್ನು ಎಲ್ಲಿ ಮಲಗಿಸುವುದು? ಮೇಲೆ ಒಂದು ಒಳ್ಳೆಯ ಕೋಣೆಯಿತ್ತು. ಆದರೆ ಅಲ್ಲಿಗೆ ಹೋಗುವ ಮರದ ಏಣಿಮೆಟ್ಟಿಲನ್ನು ಗೆದ್ದಲು ತಿಂದು ಜರಡಿ ಮಾಡಿತ್ತು.

"ನೀಲವ್ವನ ಕುಬಸದೊಳಗ ಪಾವಟಿಗಿ ಆಗಬೇಕ ನೋಡ್ರಿ ಇಂಜನೇರ" ಎಂದರು ಬಸಪ್ಪನವರು. "ಗೆದ್ದಲ ತಿನ್ನಬಾರದು, ಮ್ಯಾಲ ಓಣಿ ಹೆಣ್ಣಮಕ್ಕಳೆಲ್ಲಾ ಹತ್ತಿದರೂ ಅಲಗಾಡಬಾರದು."

ಪಾವಟಿಗಿ ಎಂದರೆ ಮೆಟ್ಟಿಲು. ಕುಬಸ ಎಂದರೆ ಬಸುರಿಗೆ ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಉಡಿ ತುಂಬುವ ಕಾರ್ಯ. ನಮ್ಮಲ್ಲಿ ಅದನ್ನು ಬೆಸ ತಿಂಗಳಲ್ಲೇ ಮಾಡಬೇಕು. ಏಳನೇ ತಿಂಗಳಿಗೆ ಮಠದ ಅಯ್ಯನವರು ದಿನ ತೆಗೆದುಕೊಟ್ಟಿದ್ದರು. ಅದು ತಪ್ಪಿದರೆ ಎಂಟರಲ್ಲಿ ಮಾಡುವಂತಿಲ್ಲ. ಒಂಬತ್ತರಲ್ಲಿ ಆ ಕೌಜಲಗಿಯ ಕೊರಕಲು ದಾರಿಯಲ್ಲಿ ಚಕ್ಕಡಿ ಹತ್ತಿಸಿ ಹೆಣ್ಣನ್ನು ಕರೆತರುವ ಮಾತೇ ಇಲ್ಲ. ಹಾಗಾಗಿ ದಿನ ಕಲ್ಲಿನಲ್ಲಿ ಕೆತ್ತಿದ್ದಾಗಿತ್ತು. ನಾನು ಎದೆ ತಟ್ಟಿ ಒಪ್ಪಿಕೊಂಡೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳುವ ವಯಸ್ಸೇ ಅದು? "ಕೆಳಗ ಕಂಬ ಇರೂದಿಲ್ರಿ, ಗೋಡೆ ಇರೂದಿಲ್ರಿ. ಗೋಡೆಯಿಂದ ಹಲಿಗೆ ಹೊರಗ ಬಂದಂಗ, ಒಂದರ ಮ್ಯಾಲ ಒಂದು, ಗಾಳಿಯಾಗ ನಿಂತಿರ್ತಾವ!" ಎಂದುಬಿಟ್ಟೆ.

ಗಂಗವ್ವ ಒಳಗಿನಿಂದಲೇ ಕೇಳಿಸಿಕೊಂಡು ಹೊರಗೆ ಬಂದಳು. ಮಾತಿನಲ್ಲಿ ಯಾರಿಗೂ ಸೋಲದ ಹೆಂಗಸು. "ಗಾಳಿಯಾಗ ಯಾಕ ನಿಲ್ಲಸ್ತೀರಿ, ನಮ್ಮ ಮನ್ಯಾಗ ಕಲ್ಲಿಗೆ ಬರ ಬಂದೈತೇನ? ಕೆಳಗ ಒಂದ ಗ್ವಾಡಿ ಕಟ್ಟಿಬಿಡ್ರಿ, ಅದರಾಗ ನಾ ಹಪ್ಪಳದ ಡಬ್ಬಿ ಇಟಕೋತೇನಿ."

"ಅವ್ವಾರ, ಗೋಡೆ ಕಟ್ಟೂದಾದ್ರ ನಾ ಯಾಕ ಬೇಕ್ರಿ?"

"ಅದನ್ನ ನಾನೂ ಕೇಳಾಕತ್ತೇನಿ" ಎಂದು ಒಳಗೆ ಹೋದಳು.

ಆ ಚಳಿಗಾಲದ ಮೊದಲ ವಾರಗಳನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ನಸುಕಿನಲ್ಲಿ ಊರ ಸುತ್ತ ಆಲೆಮನೆಗಳ ಹೊಗೆ; ಘಟಪ್ರಭಾ ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಬಂದ ಸಿಮೆಂಟಿನ ಚೀಲಗಳು; ಹಳ್ಳದಿಂದ ತಂದು ತೊಳೆದ ಮರಳು. ನನ್ನ ಜೊತೆಗಾರ ಗೌಂಡಿ ರುದ್ರಪ್ಪ. ನಮ್ಮ ಕಡೆ ಗಾರೆಯವನಿಗೆ ಗೌಂಡಿ ಎನ್ನುತ್ತಾರೆ. ನನ್ನ ಎರಡರಷ್ಟು ವಯಸ್ಸು, ಹಣೆಯ ತುಂಬ ವಿಭೂತಿ, ಕೊರಳ ಕರಡಿಗೆಯಲ್ಲಿ ಲಿಂಗ, ಮೂಗಿನ ತುದಿಯಲ್ಲಿ ಸಿಟ್ಟು. ಪೂಜೆಯಾಗದೆ ಕರಣಿ ಮುಟ್ಟುವವನಲ್ಲ. ಮೊದಲ ದಿನ ಸಿಮೆಂಟನ್ನು ಮೂಸಿ ನೋಡಿ, "ಇದು ಬೂದಿ ಐತಲ್ರಿ" ಎಂದವನು, ಎರಡನೇ ದಿನ ಅದು ಗಟ್ಟಿಯಾಗಿದ್ದನ್ನು ಬಡಿದು ನೋಡಿ ಸುಣ್ಣವನ್ನು ಬೈಯಲು ಶುರುಮಾಡಿದ. ಅಲ್ಲಿಂದ ಇಬ್ಬರಿಗೂ ಹುಚ್ಚು ಹಿಡಿಯಿತು.

ಅಂಗಳದಲ್ಲಿ ಮರದ ಅಚ್ಚುಗಳನ್ನಿಟ್ಟು, ತಳದಲ್ಲಿ ಕಬ್ಬಿಣದ ಸರಳುಗಳನ್ನು ಮಲಗಿಸಿ, ಮೇಲೆ ಕಾಂಕ್ರೀಟು ಸುರಿಯುತ್ತಿದ್ದೆವು. ಗಟ್ಟಿಯಾದ ಮೇಲೆ ಅಚ್ಚು ಬಿಚ್ಚಿ, ಮೆಟ್ಟಿಲನ್ನು ಮಗುಚಿ, ಸರಳಿದ್ದ ಮುಖ ಮೇಲೆ ಬರುವಂತೆ ಸಾಲಾಗಿ ಇಡುತ್ತಿದ್ದೆವು. ಅವುಗಳ ಮೇಲೆ ಗೋಣಿತಟ್ಟು, ಗೋಣಿತಟ್ಟಿನ ಮೇಲೆ ದಿನವಿಡೀ ನೀರು. ಬೆಲ್ಲ ಮಾರಲು ಬಂದ ರೈತರು ತಕ್ಕಡಿ ಬಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು.

ಈ ಮಗುಚುವುದರ ಮರ್ಮವನ್ನು ನಾನು ಎಲ್ಲರಿಗೂ ಹೇಳುತ್ತಿದ್ದೆ, ಕೇಳಲಿ ಬಿಡಲಿ. ಒಂದು ಕಬ್ಬು ಹಿಡಿದು, ಅದರ ಬುಡವನ್ನು ಗೋಡೆಯ ಸಂದಿಗೆ ಸಿಗಿಸಿ, ತುದಿಯನ್ನು ಕೆಳಗೆ ಒತ್ತುತ್ತಿದ್ದೆ. "ನೋಡ್ರಿ, ಎಲ್ಲಿ ಸೀಳಿತು? ಮ್ಯಾಲಿನ ಸಿಪ್ಪೆ! ಮೇಲ್ಮೈ ಹಿಗ್ಗತೈತಿ, ಕೆಳಮೈ ಕುಗ್ಗತೈತಿ. ಸಿಮೆಂಟು ಎಷ್ಟ ಒತ್ತಿದರೂ ತಾಳತೈತಿ, ಎಳದರ ಬಿರೀತೈತಿ. ಎಳೆತ ತಾಳೂದು ಕಬ್ಬಿಣ. ಅದಕ್ಕ ಕಬ್ಬಿಣ ಮ್ಯಾಲಿರಬೇಕು." ಜನ ತಲೆಯಾಡಿಸಿ, ಕಬ್ಬನ್ನು ಇಸಿದುಕೊಂಡು ತಿನ್ನುತ್ತ ಹೋಗುತ್ತಿದ್ದರು. ರುದ್ರಪ್ಪನಿಗಂತೂ ಬಿಡಿಸಿ ಹೇಳಿದ್ದೆ: "ಈಗ ಹೆಂಗ ಮಲಗ್ಯಾವಲ್ಲ, ಹಂಗ ಒಯ್ದು ಗೋಡೆಗೆ ಸಿಗಿಸೂದು. ಮಗುಚಬ್ಯಾಡ್ರಿ." ಅವನು "ಎಷ್ಟ ಸಲ ಹೇಳ್ತೀರಿ, ನನಗೇನು ಕಿವಿ ಇಲ್ಲೇನು" ಎಂದು ಸಿಡುಕಿದ್ದ.

ಮೆಟ್ಟಿಲು ಸಿಗಿಸಬೇಕೆನ್ನುವ ಹೊತ್ತಿಗೆ ಸಿಮೆಂಟು ಕಡಿಮೆ ಬಿತ್ತು. ನಾನೇ ಚಕ್ಕಡಿ ಹೊಡೆಸಿಕೊಂಡು ಘಟಪ್ರಭಾಕ್ಕೆ ಹೋದೆ. ಅಲ್ಲಿ ವ್ಯಾಗನ್ ಬಂದಿರಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಸ್ಟೇಶನ್ನಿನ ಬಾಕಿನ ಮೇಲೆ ಕೂತು ದಿನಗಳನ್ನು ಕಳೆದೆ. ಅಷ್ಟರಲ್ಲಿ ಮೂಡಲಗಿಯಲ್ಲಿ ಇದ್ದ ಸಿಮೆಂಟಿನಲ್ಲೇ ಹೇಗೋ ಜೋಡಿಸಿಕೊಂಡು ರುದ್ರಪ್ಪ ಕೆಲಸ ನಡೆಸಿದ್ದ.

ನಾನು ಮರಳಿದ ದಿನ ಮಧ್ಯಾಹ್ನ. ಪಡಸಾಲೆಗೆ ಕಾಲಿಟ್ಟವನು ಹಾಗೇ ನಿಂತೆ. ಎಲ್ಲ ಮೆಟ್ಟಿಲೂ ಗೋಡೆಯಿಂದ ಹೊರಟು, ಒಂದಕ್ಕಿಂತ ಒಂದು ಮೇಲಾಗಿ, ಕೆಳಗೆ ಏನೂ ಇಲ್ಲದೆ, ಕಿಡಕಿಯ ಬೆಳಕಿನಲ್ಲಿ ನಿಂತಿದ್ದವು! ನಾನು ಮುಂಬಯಿಯಲ್ಲಿ ನೋಡಿದ್ದಕ್ಕಿಂತ ಚೆಂದ. ಒಂದು ಕೂದಲೆಳೆಯಷ್ಟು ಓರೆಯಿಲ್ಲ. ಖುಷಿಗೆ ಕೂಗಿದೆನೋ ಏನೋ, ಬೆಲ್ಲ ತೂಗುತ್ತಿದ್ದ ಆಳು ಬೆಚ್ಚಿ ತಕ್ಕಡಿ ಬಿಟ್ಟ. ರುದ್ರಪ್ಪನನ್ನು ತಬ್ಬಿಕೊಂಡೆ. ಆ ಸಿಡುಕನೂ ಮೀಸೆಯಲ್ಲೇ ನಕ್ಕ.

ಕೆಳಗಿನಿಂದ ಹೇಗೆ ಕಾಣುತ್ತದೆಂದು ನೋಡಲು ಮೆಟ್ಟಿಲುಗಳ ಅಡಿಗೆ ಹೋಗಿ ಕತ್ತೆತ್ತಿದೆ.

ಪ್ರತಿ ಮೆಟ್ಟಿಲಿನ ಕೆಳಮೈಯಲ್ಲಿ ಮೂರು ಬೆರಳಿನ ವಿಭೂತಿ. ನಡುವೆ ಒಂದು ಕುಂಕುಮದ ಬೊಟ್ಟು. ಕೆಳಗಿನ ಮೆಟ್ಟಿಲಿನಿಂದ ಮೇಲಿನವರೆಗೆ ಸಾಲಾಗಿ.

"ಇದೇನಿದು?" ಎಂದೆ.

"ಸೋಮವಾರ ಅವ್ವಾರು ಪೂಜಿ ಮಾಡಿದರ್ರಿ" ಎಂದ ರುದ್ರಪ್ಪ. "ಮನಿಗೆ ಹೊಸಾದು ಬರಾಕತ್ತೈತಿ, ಮಗಳು ತುಳಿಯೂ ಪಾವಟಿಗಿ ಅಂತ ಅಂಗಳದಾಗ ಎಲ್ಲಾ ಪಾವಟಿಗಿಗೂ ಇಬೂತಿ ಹಚ್ಚಿ, ಕಾಯಿ ಒಡದು, ಹೂವ ಏರಿಸಿದರು."

"ಅಂಗಳದಾಗ ಹಚ್ಚಿದ್ದು ಮೇಲಿನ ಮುಖಕ್ಕಲ್ಲೇನು? ಅದು ಕೆಳಗ ಹೆಂಗ ಬಂತು?"

ಅವನು ನನ್ನನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿದ. "ಇಬೂತಿ ಹಚ್ಚಿದ್ದನ್ನ ಕಾಲಾಗ ತುಳಿಯಾಕ ಕೊಡ್ಲೇನ್ರಿ? ಮಗುಚಿ ಸಿಗಿಸೇನಿ."

"ನಾ ಮಗುಚಬ್ಯಾಡ ಅಂದಿದ್ದೆ!"

"ನೀವು ಅಂದಾಗ ಇಬೂತಿ ಇರಲಿಲ್ಲ."

"ಒರಸಬೇಕಿತ್ತು!"

"ಹಚ್ಚಿದ ಇಬೂತಿ ಒರಸೂದ?" ಅವನ ದನಿ ಏರಿತು. "ಅದೂ ಬಸುರಿ ಹೆಣ್ಣಮಗಳ ಹೆಸರೀಲೆ ಹಚ್ಚಿದ್ದನ್ನ? ನಾ ಒಲ್ಲೆ. ಎರಡೂ ಮುಖ ಒಂದ ಸಮ ನುಣುಪ ಅದಾವ. ಯಾವದು ಮ್ಯಾಲಾದರೇನು?"

ಸರಳುಗಳೆಲ್ಲ ವಿಭೂತಿಯಿದ್ದ ಮುಖದ ಬಳಿ. ಎಂದರೆ ಈಗ ಎಲ್ಲವೂ ಅಡಿಯಲ್ಲಿ. ಎಳೆತ ಬೀಳುವ ಮೇಲ್ಮೈಯಲ್ಲಿ ಬರೀ ಸಿಮೆಂಟು. ಒಬ್ಬರು ಹತ್ತಿ ಇಳಿದರೆ ಅದು ಬಾಯಿ ಬಿಡದು. ನಾಲ್ಕಾರು ಜನ ಒಟ್ಟಿಗೆ ನಿಂತರೆ ಮುಂಚೆ ಸೂಚನೆಯನ್ನೂ ಕೊಡದೆ ಗೋಡೆಯ ಬುಡಕ್ಕೇ ಲಟಕ್ಕನೆ ಮುರಿದು ಬೀಳುತ್ತದೆ. ಕುಬಸಕ್ಕೆ ಉಳಿದದ್ದು ಎರಡು ಹಗಲು. ನೀಲವ್ವನ ಚಕ್ಕಡಿ ಆಗಲೇ ಕೌಜಲಗಿ ಬಿಟ್ಟಿತ್ತು.

"ಯಾರೂ ಇದರ ಮ್ಯಾಲ ಕಾಲಿಡಬ್ಯಾಡ್ರಿ" ಎಂದು ಕೂಗಿದೆ. ಬಸಪ್ಪನವರು, ಗಂಗವ್ವ, ಆಳುಗಳು, ರೈತರು ಎಲ್ಲ ಬಂದು ಸೇರಿದರು. ಮುರಿಯುತ್ತದೆ ಎಂದೆ. ಅದನ್ನು ಕೇಳಿ ರುದ್ರಪ್ಪ ಕೆಂಡವಾದ. "ನನ್ನ ಕೈಕೆಲಸ ಮುರೀತೈತೆ?" ಎಂದವನೇ ತಡೆಯುವ ಮೊದಲೇ ದಡದಡನೆ ಹತ್ತಿ, ನಡುವಿನ ಮೆಟ್ಟಿಲಿನ ತುತ್ತತುದಿಗೆ ಹೋಗಿ ನಿಂತು, ಎರಡೂ ಕಾಲು ಎತ್ತಿ ಧಪ್ಪೆಂದು ಕುಪ್ಪಳಿಸಿದ. ಮೆಟ್ಟಿಲು ಕಮಕ್ ಕಿಮಕ್ ಅನ್ನಲಿಲ್ಲ. ರೈತರು ಸೀಟಿ ಹೊಡೆದು ಕೂಗಿದರು. ಅವನು ಮೀಸೆ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ನೋಡಿದ.

"ಒಬ್ಬಾಂವ ನೀ" ಎಂದೆ. "ಕುಬಸದ ದಿನ ಎಷ್ಟ ಮಂದಿ ನಿಲ್ತಾರ ಇದರ ಮ್ಯಾಲ?"

ಗಂಗವ್ವನ ಮುಖ ಬಿಳಿಚಿಕೊಂಡಿತು. ಅವಳಿಗೆ ಗೊತ್ತಿತ್ತು. ಆ ದಿನ ಆರತಿ ಹಿಡಿದವರು, ಹಾಡುವವರು, ಬಸುರಿಯನ್ನು ದಾರಿಯಲ್ಲಿ ಅಡ್ಡಗಟ್ಟಿ ಗಂಡನ ಹೆಸರು ಹೇಳಿಸುವ ಗೆಳತಿಯರು, ಎಲ್ಲರೂ ಒಮ್ಮೆಲೇ ಮೆಟ್ಟಿಲ ಮೇಲೆ. ನಡುವೆ ನೀಲವ್ವ.

"ಮಾತ ಸಾಕು" ಎಂದರು ಬಸಪ್ಪನವರು. "ಇಂಜನೇರ, ಮುರಿದು ತೋರಸ್ರಿ."

ಒಡೆದರೆ ಇರಲಿ ಎಂದು ಒಂದೆರಡು ಮೆಟ್ಟಿಲುಗಳನ್ನು ಹೆಚ್ಚಿಗೆ ಹೊಯ್ದಿದ್ದೆವು. ಅವುಗಳಲ್ಲಿ ಒಂದನ್ನು ಅಂಗಳದ ಕಟ್ಟೆಯ ಮೇಲೆ, ಸರಳು ಅಡಿಗೆ ಬರುವಂತೆ ಮಲಗಿಸಿ, ಹಿಂದಿನ ತುದಿಗೆ ಬಂಡೆ ಹೇರಿ, ಉಳಿದದ್ದನ್ನು ಗಾಳಿಗೆ ಬಿಟ್ಟೆವು. ತೂಕಕ್ಕೆ ಏನು? ಬೆಲ್ಲದ ಮನೆಯಲ್ಲಿ ತೂಕಕ್ಕೆ ಬರವೇ? ಆಳುಗಳು ಒಂದೊಂದೇ ಪೆಂಟೆ ತಂದು ತುದಿಯಲ್ಲಿ ಇಡತೊಡಗಿದರು. ಒಂದು. ಏನೂ ಆಗಲಿಲ್ಲ. ಇನ್ನೊಂದು, ಮತ್ತೊಂದು. "ಇಡ್ರಿ, ಇಡ್ರಿ" ಎಂದ ರುದ್ರಪ್ಪ, ತೋಳು ಕಟ್ಟಿಕೊಂಡು. ಪೆಂಟೆಗಳು ಆಳೆತ್ತರವಾಗತೊಡಗಿದವು. ನನಗೇ ಅನುಮಾನ ಬಂತು, ಎಲ್ಲಿ ಲೆಕ್ಕ ತಪ್ಪಿದೆನೋ ಎಂದು. ಆಳು ಮುಂದಿನ ಪೆಂಟೆಯಿಂದ ಇನ್ನೂ ಕೈ ತೆಗೆದಿರಲಿಲ್ಲ, ಫಟ್ ಎಂದು ಸದ್ದಾಯಿತು. ಬಿರುಕಿಲ್ಲ, ಬಾಗಲಿಲ್ಲ, ಒಂದು ಕ್ಷಣ ಮೆಟ್ಟಿಲಿತ್ತು, ಮರುಕ್ಷಣ ತುಂಡು ನೆಲದ ಮೇಲಿತ್ತು. ಬೆಲ್ಲದ ಗುಂಡುಗಳು ಅಂಗಳದ ತುಂಬ ಉರುಳಿ ಒಡೆದವು. ಬಾಗಿಲಲ್ಲಿ ನಿಂತ ಹುಡುಗರು ಕೇಕೆ ಹಾಕುತ್ತ ಚೂರುಗಳ ಮೇಲೆ ಬಿದ್ದರು.

ರುದ್ರಪ್ಪ ಮುರಿದ ತುಂಡಿನ ಬಳಿ ಕೂತು, ಅಡಿಯಲ್ಲಿ ಜೋತುಬಿದ್ದಿದ್ದ ಸರಳನ್ನು ಬೆರಳಿನಿಂದ ಮುಟ್ಟಿದ. "ಕಿತ್ತು ತಿರುಗಿಸಿ ಸಿಗಸೂಣ್ರಿ" ಎಂದ. ದನಿಯಲ್ಲಿ ಸಿಡುಕು ಇರಲಿಲ್ಲ.

ಕೀಳಲು ಹೋದರೆ ಗೋಡೆ ಹಾಳು. ಮತ್ತೆ ಸಿಗಿಸಿದರೂ ಗೂಡಿನ ಸಿಮೆಂಟು ಎರಡು ಹಗಲಿನಲ್ಲಿ ಬಲಿಯುವುದಿಲ್ಲ. ಹಾಗೆಂದು ಹೇಳಿ ನಾನು ಕಟ್ಟೆಯ ಮೇಲೆ ಕುಸಿದು ಕೂತೆ. ಹ್ಯಾಟು ಎಲ್ಲಿ ಬಿದ್ದಿತ್ತೋ. ನನ್ನ ಮೊದಲ ಕೆಲಸ. ಅದಕ್ಕಿಂತ ಹೆಚ್ಚಾಗಿ, ಚಕ್ಕಡಿಯಲ್ಲಿ ಕೂತು ತವರಿಗೆ ಬರುತ್ತಿದ್ದ ಹುಡುಗಿ. ಅಳು ಬಂದಂತಾಯಿತು. ಮುಚ್ಚಿಡುವುದೇನು, ಅತ್ತೆ ಕೂಡ.

ಗಂಗವ್ವ ಒಂದು ತಂಬಿಗೆ ನೀರು ತಂದು ನನ್ನ ಮುಂದಿಟ್ಟಳು. "ನನಗ ನಿಮ್ಮ ಎಳೆತ ಒತ್ತ ತಿಳಿಯೂದಿಲ್ಲ. ಆವತ್ತ ಕೆಳಗ ಗ್ವಾಡಿ ಕಟ್ಟ್ರಿ ಅಂದಿದ್ದೆ. ನೀವು ಒಲ್ಲೆ ಅಂದ್ರಿ" ಎಂದಳು, ಗದರಿಸುವಂತೆ.

ನೀರು ಕುಡಿಯುತ್ತಿದ್ದವನಿಗೆ ನೆತ್ತಿಗೆ ಹತ್ತಿತು. ಕೆಮ್ಮುತ್ತಲೇ ಎದ್ದು ನಿಂತೆ. ಅಯ್ಯೋ, ಕಣ್ಣೆದುರಿಗೇ ಇದೆಯಲ್ಲ! ಹೊರಗೆ ಚಾಚಿದ ತುದಿಗೆ ಕೆಳಗಿನಿಂದ ಆಸರೆ ಕೊಟ್ಟರೆ, ಮೆಟ್ಟಿಲು ಎರಡೂ ಕಡೆ ಕೂತ ತೊಲೆಯಾಗುತ್ತದೆ. ಆಗ ನಡುವೆ ತುಳಿದರೆ ಹಿಗ್ಗುವುದು ಮೇಲ್ಮೈಯಲ್ಲ, ಕೆಳಮೈ! ಕಬ್ಬಿಣ ಬೇಕಾದದ್ದೇ ಅಡಿಯಲ್ಲಿ! ಒಂದು ಕಬ್ಬು ಕಸಿದುಕೊಂಡು ಎರಡು ಕಲ್ಲಿನ ಮೇಲೆ ಅಡ್ಡಲಾಗಿಟ್ಟು ನಡುವೆ ಕಾಲಿಟ್ಟು ಒತ್ತಿದೆ. ಸಿಪ್ಪೆ ಅಡಿಯಲ್ಲಿ ಸೀಳಿತು. "ರುದ್ರಪ್ಪಾ, ನೋಡ! ಅಡಿಯಾಗ! ಅಡಿಯಾಗ!" ಎಂದು ಕುಣಿದೆ. ನನಗೆ ಹುಚ್ಚು ಹಿಡಿಯಿತೆಂದು ಆಳುಗಳು ಹಿಂದೆ ಸರಿದರು.

ಉಳಿದಿದ್ದ ಇನ್ನೊಂದು ಮೆಟ್ಟಿಲನ್ನು ಅದೇ ಕಟ್ಟೆಯ ಮೇಲೆ, ಅದೇ ರೀತಿ ಸರಳು ಅಡಿಗಿರುವಂತೆ ಇಟ್ಟೆವು. ಈ ಸಲ ತುದಿಯ ಕೆಳಗೆ ಒಂದು ಕಲ್ಲು. ಮೆಟ್ಟಿಲಿನ ನಡುವೆ ಪೆಂಟೆಗಳು ಏರಿದವು. ಮೊದಲನೆಯದನ್ನು ಮುರಿದಷ್ಟು ಏರಿಸಿ, ಅದರ ಮೇಲೆ ಅಷ್ಟೇ ಏರಿಸಿ, ಇನ್ನು ಕೈಗೆ ನಿಲುಕದೆಂದಾಗ ಬಸಪ್ಪನವರು ಧೋತರ ಎತ್ತಿ ಕಟ್ಟಿ, ಬೆಲ್ಲದ ಗುಡ್ಡ ಹತ್ತಿ ತುದಿಯಲ್ಲಿ ಕೂತುಬಿಟ್ಟರು! ಮೈಯಲ್ಲಿ ಅವರೂ ಕಡಿಮೆಯವರಲ್ಲ. ಮೆಟ್ಟಿಲು ಅಲ್ಲಾಡಲಿಲ್ಲ.

"ಅಲ್ಲೇ ಕುಂದರತೀರೋ, ಕಲ್ಲ ತರಸ್ತೀರೋ?" ಎಂದಳು ಗಂಗವ್ವ.

ಆಮೇಲಿನ ಎರಡು ಹಗಲು ನನಗೆ ಹಬ್ಬದಂತೆ ನೆನಪಿದೆ. ಬಿದ್ದುಹೋದ ಹಳೆಯ ದನದ ಕೊಟ್ಟಿಗೆಯ ಕಲ್ಲುಗಳೆಲ್ಲ ಕೈಯಿಂದ ಕೈಗೆ ಓಣಿಯುದ್ದಕ್ಕೂ ಬಂದವು. ಬೆಲ್ಲ ಮಾರಲು ಬಂದ ರೈತರು ರುಮಾಲು ಸುತ್ತಿ ಕಲ್ಲು ಹೊತ್ತರು. ಕುಬಸಕ್ಕೆ ಕರಿಗಡುಬು ಕರಿಯಲು ಬಂದಿದ್ದ ಹೆಂಗಸರು ಬುಟ್ಟಿಯಲ್ಲಿ ಮರಳು ಹೊತ್ತು ಹಾಡಿದರು. ರುದ್ರಪ್ಪ ಊಟ ಮರೆತ. ಕಲ್ಲಿನ ಮೇಲೆ ಕಲ್ಲು, ಗಾರೆಯ ಮೇಲೆ ನೆಚ್ಚಿಕೆಯಿಡದೆ ಕಲ್ಲಿಗೆ ಕಲ್ಲೇ ಕೂಡುವಂತೆ ಜೋಡಿಸಿ, ಪ್ರತಿ ಮೆಟ್ಟಿಲಿನ ತುದಿಗೆ ಬಿಗಿಯಾಗಿ ಕಲ್ಲಿನ ಬೆಣೆ ಬಡಿದ. ಬಡಿಯುವಾಗ ಮಾತ್ರ ಕೈ ಹಗುರ; ವಿಭೂತಿಯ ಒಂದು ಗೆರೆಗೂ ಸುತ್ತಿಗೆ ತಾಗಲಿಲ್ಲ. "ಈಗ ಬ್ಯಾಡಂದ್ರೂ ನಿಲ್ಲತಾವ್ರಿ" ಎಂದ ಕೊನೆಯ ಬೆಣೆ ಬಡಿದು. ನನ್ನ ಗಾಳಿಯಲ್ಲಿ ನಿಂತ ಮೆಟ್ಟಿಲು ಎಲ್ಲರ ಮನೆಯ ಮೆಟ್ಟಿಲಿನಂತಾಗಿ ಹೋಯಿತು. ಒಳಗೊಳಗೇ ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಕುಬಸದ ದಿನ ಗಂಡಸರಿಗೆ ಅಲ್ಲೇನು ಕೆಲಸ? ನಾನೂ ರುದ್ರಪ್ಪನೂ ಮೆಟ್ಟಿಲ ಅಡಿಯ ಆ ಹೊಸ ಸಂದಿಯಲ್ಲಿ ಹೊಕ್ಕು ನಿಂತೆವು. ಗೋಡೆಯ ಎತ್ತರದ ಕಡೆ ಒಂದು ಸಣ್ಣ ಬಾಗಿಲು ಬಿಟ್ಟಿದ್ದೆವು. ಮೆಟ್ಟಿಲುಗಳ ನಡುವಿನ ಸಂದಿಯಿಂದ ಹೆಂಗಸರ ಸೀರೆಯ ಅಂಚು, ಕಾಲುಂಗುರ ಕಾಣುತ್ತಿದ್ದವು. ಬಳೆ ಸದ್ದು, ಹಾಡು, ನಗು ಎಲ್ಲ ಮೇಲೇರುತ್ತ ಬಂತು. ನಮ್ಮ ತಲೆಯ ಮೇಲೇ ಬಂದು ನಿಂತಿತು.

ನೀಲವ್ವನನ್ನು ಗೆಳತಿಯರು ನಡುಮೆಟ್ಟಿಲಲ್ಲಿ ಅಡ್ಡಗಟ್ಟಿದ್ದರು. "ಹೆಸರ ಹೇಳ, ಹೇಳಿ ಮ್ಯಾಲ ಹತ್ತ!" ಎಂದು ಗದ್ದಲ. ಹಿಂದಿನವರು ಒತ್ತಿದರು, ಮುಂದಿನವರು ಬಿಡಲಿಲ್ಲ, ಮೇಲಿದ್ದವರು ಕೇಳಲೆಂದು ಕೆಳಗಿಳಿದರು. ಒಂದೊಂದು ಮೆಟ್ಟಿಲ ಮೇಲೆ ಎಷ್ಟು ಕಾಲುಗಳಿದ್ದವೋ, ಸಂದಿಯಿಂದ ಬರುತ್ತಿದ್ದ ಬೆಳಕೇ ನಿಂತುಹೋಯಿತು.

"ನಾ ಹೇಳೂದಿಲ್ಲ, ನನಗ ಕಾಲ ನೋಯಾಕತ್ತಾವ, ಇಲ್ಲೇ ಕುಂದರತೇನಿ" ಎಂದು ಆ ಹುಡುಗಿ ನಗುತ್ತ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಎರಡೂ ಮಗ್ಗುಲಿಗೆ ಗೆಳತಿಯರೂ ಕೂತರು.

ನಾನು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನನ್ನ ಎರಡೂ ಅಂಗೈ ಮೇಲೆದ್ದು ಆ ಮೆಟ್ಟಿಲಿನ ಕೆಳಮೈಗೆ ಆತುಕೊಂಡಿದ್ದವು. ನೋಡಿದರೆ ರುದ್ರಪ್ಪನ ಕೈಗಳೂ ಅಲ್ಲೇ. ಇಬ್ಬರೂ ಉಸಿರು ಹಿಡಿದು, ಕಣ್ಣು ಪಿಳಿಪಿಳಿ ಬಿಡುತ್ತ, ಒಂದು ಓಣಿಯ ಹೆಂಗಸರನ್ನೆಲ್ಲ ಹೊತ್ತವರಂತೆ ನಿಂತಿದ್ದೆವು. ಕಲ್ಲಿನಷ್ಟು ತಣ್ಣಗಿತ್ತು ಮೆಟ್ಟಿಲು. ಒಂದು ನಡುಕವಿಲ್ಲ. ಕೊನೆಗೆ ಅವಳು ನಾಚಿಕೊಂಡು ಗಂಡನ ಹೆಸರು ಹೇಳಿದ್ದು, ಮೇಲೆ ದೊಡ್ಡ ಕೇಕೆ ಎದ್ದದ್ದು, ಕಾಲುಗಳು ಮೇಲೇರಿ ಸಂದಿಯಲ್ಲಿ ಮತ್ತೆ ಬೆಳಕು ಬಂದದ್ದು. ರುದ್ರಪ್ಪ ಕೈ ಕೆಳಗಿಳಿಸಿದ. ಅಂಗೈಗೆ ಹತ್ತಿದ್ದ ವಿಭೂತಿಯನ್ನು ನೋಡಿಕೊಂಡು ಹಣೆಗೆ ಹಚ್ಚಿಕೊಂಡ. ಆಮೇಲೆ ನನ್ನ ಹಣೆಗೂ ಹಚ್ಚಿದ.

ಬೇಸಗೆಯಲ್ಲಿ ತೊಟ್ಟಿಲ ಕಾರ್ಯಕ್ಕೆ ಕರೆ ಬಂತು. ಹೋದೆ. ಮೂಡಲಗಿಯಲ್ಲಿ ಕಾದ ಹಂಚಿನಂಥ ಬಿಸಿಲು. ಹೆಣ್ಣು ಕೂಸು. "ಕೂಸು ಮ್ಯಾಲಿನ ಕೋಣ್ಯಾಗ ಐತೇನ್ರಿ?" ಎಂದು ಕೇಳಿದೆ.

"ಮ್ಯಾಲ ಸೆಕಿ ಆಗತೈತ್ರಿ" ಎಂದು ಗಂಗವ್ವ ನನ್ನನ್ನು ಮೆಟ್ಟಿಲ ಅಡಿಯ ಸಣ್ಣ ಬಾಗಿಲಿಗೆ ಕರೆದೊಯ್ದಳು. ಸಂದಿಗಳಿಗೆಲ್ಲ ರುದ್ರಪ್ಪನಿಂದ ಇಟ್ಟಿಗೆ ತುಂಬಿಸಿ, ಸುಣ್ಣ ಬಳಿಸಿ, ನೆಲ ಸಾರಿಸಿ ತಂಪಾದ ಕೋಣೆ ಮಾಡಿದ್ದಳು. ಹಪ್ಪಳದ ಡಬ್ಬಿ ಇರಬೇಕಾದಲ್ಲಿ ತೊಟ್ಟಿಲಿತ್ತು. ಸುಣ್ಣ ಬಳಿಯುವಾಗಲೂ ಮೆಟ್ಟಿಲಿನ ಕೆಳಮೈಗೆ ಕುಂಚ ಮುಟ್ಟಿಸಿರಲಿಲ್ಲ. ವಿಭೂತಿಯ ಗೆರೆಗಳು ಹಾಗೇ ಇದ್ದವು. ಒಂದರ ಮೇಲೆ ಮಾತ್ರ ನಾಲ್ಕು ಅಂಗೈಗಳ ಗುರುತು.

"ಇಂಜನೇರ, ಒಂದ ಮಾತ ಕೇಳತೇನಿ" ಎಂದಳು ಮೆಲ್ಲಗೆ. "ನಿಮ್ಮ ಕಬ್ಬಿಣ ಈಗ ಯಾವ ಮುಖಕ್ಕ ಐತಿ?"

"ವಿಭೂತಿ ಇರೋ ಮುಖಕ್ಕರಿ, ಅವ್ವಾರ."

"ಹಂಗಾದ್ರ ನಾ ಹಚ್ಚಿದ್ದು ಸರಿಯಾದ ಮುಖಕ್ಕ ಆತು" ಎಂದಳು.

ಆಗ ಯಾರೋ ಬೆಲ್ಲದ ಪೆಂಟೆ ಹೊತ್ತುಕೊಂಡು ಧಡಧಡ ಮೇಲೆ ಹತ್ತಿದರು, ಸರಿಯಾಗಿ ತೊಟ್ಟಿಲಿನ ಮೇಲೆಯೇ. ನಾನು ಕೈ ಮೇಲೆತ್ತಿದೆ, ಹಳೆಯ ಚಾಳಿ. ಗಂಗವ್ವ ನನ್ನ ಕೈ ಹಿಡಿದು ಕೆಳಗಿಳಿಸಿ, ತೊಟ್ಟಿಲ ಕಡೆ ತೋರಿಸಿದಳು. ಕೂಸಿಗೆ ಎಚ್ಚರವಾಗಿರಲಿಲ್ಲ.